ಎಂಬಿಎ ಇಂಟರ್ನ್‌ಶಿಪ್: ನಿಜವಾಗಿ ಕೆಲಸ ಕಲಿಯಲು ಎಲ್ಲಿಗೆ ಹೋಗಲಿ?

ರಾಣೆಬೆನ್ನೂರು_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂಬಿಎ ಮಾಡುತ್ತಿದ್ದೇನೆ, ಫೈನಾನ್ಸ್. ಮನೆ ರಾಣೆಬೆನ್ನೂರು. ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳು ಎಲ್ಲಾದರೂ ಇಂಟರ್ನ್‌ಶಿಪ್ ಮಾಡಿ ರಿಪೋರ್ಟ್ ಕೊಡಬೇಕು.

ಸೀನಿಯರ್ ಒಬ್ಬರು "ಸುಮ್ನೆ ಯಾಕೆ ಒದ್ದಾಡ್ತೀಯಾ, ಮೂರು ಸಾವಿರ ಕೊಡು, ಸರ್ಟಿಫಿಕೇಟ್ ಸಿಗುತ್ತೆ, ರಿಪೋರ್ಟೂ ಅವರೇ ಬೈಂಡ್ ಮಾಡಿಸಿ ಕೊಡ್ತಾರೆ" ಅಂದರು. ಕ್ಲಾಸಿನಲ್ಲಿ ತುಂಬಾ ಜನ ಅದನ್ನೇ ಮಾಡುವವರಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ. ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದಾರೆ. ವರ್ಷವೆಲ್ಲಾ ವರ್ಕಿಂಗ್ ಕ್ಯಾಪಿಟಲ್ (ದಿನದಿನದ ವ್ಯಾಪಾರ ನಡೆಸಲು ಬೇಕಾದ ದುಡ್ಡು) ಅಂತ ಓದಿದ್ದೇನೆ, ಆದರೆ ನಮ್ಮ ಓಣಿಯ ಕಿರಾಣಿ ಅಂಗಡಿಯ ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಬೆಂಗಳೂರಿನ ನಾಲ್ಕೈದು ಕಂಪನಿಗೆ ಮೇಲ್ ಹಾಕಿದೆ. ಉತ್ತರ ಬಂದಿದ್ದು ಒಂದೇ ಕಡೆಯಿಂದ, ಅವರೂ ನನ್ನಿಂದಲೇ ಟ್ರೇನಿಂಗ್ ಫೀ ಕೇಳಿದರು.

ದೊಡ್ಡ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಕೊಡಿಸುವ ಕೇಂದ್ರ ಸರ್ಕಾರದ ಪಿಎಂ ಇಂಟರ್ನ್‌ಶಿಪ್ ಸ್ಕೀಮ್ ನಮಗೆ ಸಿಗುತ್ತದಾ? ಇಲ್ಲದಿದ್ದರೆ ಎಲ್ಲಿ ಹೋಗಿ ಕೇಳಲಿ? ದುಡ್ಡು ಕೊಡದಿದ್ದರೂ ಪರವಾಗಿಲ್ಲ, ಕೆಲಸ ಕಲಿಯಬೇಕು.

ಉದ್ಯಮಬಾಗ್_ಲೆಕ್ಕ:
ಮೊದಲು ಆ ಸ್ಕೀಮ್ ವಿಷಯ. 2024ರಲ್ಲಿ ಶುರುವಾದಾಗ ಇದ್ದ ನಿಯಮದಲ್ಲಿ ಫುಲ್ ಟೈಮ್ ಓದುತ್ತಿರುವವರಿಗೆ ಅವಕಾಶ ಇರಲಿಲ್ಲ, ಎಂಬಿಎ ಮುಗಿಸಿದವರಿಗೂ ಇರಲಿಲ್ಲ. ಅದು 12 ತಿಂಗಳದ್ದು ಬೇರೆ. ನಿಮ್ಮ ಒಂದು ತಿಂಗಳಿಗೆ ಹೊಂದುವುದಿಲ್ಲ, ಬಿಡಿ. ಫೀ ಕೇಳಿದವರನ್ನೂ ಬಿಡಿ.

ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಚಿಕ್ಕ ಯೂನಿಟ್‌ನ ಅಕೌಂಟ್ಸ್ ನೋಡಿಕೊಳ್ಳುತ್ತೇನೆ, ಕೆಲಸಕ್ಕೆ ಹುಡುಗರನ್ನು ತೆಗೆದುಕೊಳ್ಳುವಾಗಲೂ ಕೂರುತ್ತೇನೆ. ಕೊಂಡುಕೊಂಡ ರಿಪೋರ್ಟ್ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನೂರು ಜನರಿಗೆ ಪ್ರಶ್ನೆ ಪಟ್ಟಿ, ಹತ್ತು ಪೈ ಚಾರ್ಟ್, ಕೊನೆಗೆ "ಕಂಪನಿ ಜಾಹೀರಾತು ಹೆಚ್ಚಿಸಬೇಕು". ಯಾವುದಾದರೂ ಒಂದು ಅಂಕಿ ತೋರಿಸಿ ಇದು ಎಲ್ಲಿಂದ ಬಂತು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಪಾಪ ಅನ್ನಿಸುತ್ತದೆ, ಎರಡು ವರ್ಷ ಕಳೆದಿರುತ್ತಾರಲ್ವಾ.

ಫೈನಾನ್ಸ್ ಅಂದಿರಿ, ಹಾಗಾದರೆ ಚಿಕ್ಕ ಕಾರ್ಖಾನೆಯ ಬಾಕಿ ವಸೂಲಿ ನೋಡಿ. ನಮ್ಮಂಥ ಯೂನಿಟ್‌ಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. 2024ರ ಏಪ್ರಿಲ್‌ನಿಂದ ಇನ್‌ಕಮ್ ಟ್ಯಾಕ್ಸ್ ಕಡೆಯಿಂದಲೂ ಬಿಗಿ ಬಂತು: ಕಾಲಕ್ಕೆ ಕೊಡದಿದ್ದರೆ ಕೊಂಡವರಿಗೆ ಆ ಖರ್ಚು ಆ ವರ್ಷದ ಲೆಕ್ಕದಲ್ಲಿ ಸಿಗುವುದಿಲ್ಲ, ಯಾವತ್ತು ಕೊಡುತ್ತಾರೋ ಆ ವರ್ಷಕ್ಕೇ. ಇಷ್ಟೆಲ್ಲಾ ಇದ್ದರೂ ದುಡ್ಡು ನಿಜವಾಗಿ ಎಷ್ಟು ದಿನಕ್ಕೆ ಬರುತ್ತದೆ? ಬಿಲ್ ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ ಪಕ್ಕಪಕ್ಕ ಇಟ್ಟುಕೊಂಡು ಒಂದು ತಿಂಗಳು ಕೂತರೆ ಸಾಕು.

ಪ್ಲೇಸ್‌ಮೆಂಟ್_2025:
ಒಳ್ಳೆಯ ಮಾತು. ಆದರೆ ಕ್ಯಾಂಪಸ್‌ಗೆ ಬರುವವರು ರೆಸ್ಯೂಮೆಯಲ್ಲಿ ದೊಡ್ಡ ಹೆಸರು ಇದೆಯಾ ಅಂತ ಮೊದಲು ನೋಡುತ್ತಾರೆ. ನನಗೆ ಹಾಗೇ ಆಯಿತು. ಊರಿನ ಕಾರ್ಖಾನೆ ಅಂತ ಬರೆದಿದ್ದಕ್ಕೆ ಒಂದು ಕಡೆ ಶಾರ್ಟ್‌ಲಿಸ್ಟೇ ಆಗಲಿಲ್ಲ. ಇದನ್ನೂ ಯೋಚಿಸಿ.

ಕೆಂಪು_ರಾಶಿ:
ಶಾರ್ಟ್‌ಲಿಸ್ಟ್ ಕಷ್ಟ ನಿಜ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ತಂಗಿ, ರಾಣೆಬೆನ್ನೂರಿನಲ್ಲಿ ರೈಲು ಹತ್ತಿದರೆ ಬ್ಯಾಡಗಿ ಎಷ್ಟು ದೂರ? ದೇಶದ ದೊಡ್ಡ ಮೆಣಸಿನಕಾಯಿ ಮಾರುಕಟ್ಟೆಗಳಲ್ಲಿ ಒಂದನ್ನು ಪಕ್ಕದಲ್ಲೇ ಇಟ್ಟುಕೊಂಡು ಬೆಂಗಳೂರಿಗೆ ಮೇಲ್ ಹಾಕುತ್ತಿದ್ದೀಯಲ್ಲ!

ನಾನು ಎಂಬಿಎ ಮಾಡುವಾಗ ನಮ್ಮ ದೊಡ್ಡಪ್ಪನ ಪರಿಚಯದ ದಲಾಲಿ ಅಂಗಡಿಯಲ್ಲಿ (ರೈತರ ಮಾಲನ್ನು ಕಮಿಷನ್‌ಗೆ ಮಾರಿಸಿಕೊಡುವ ಅಂಗಡಿ) ಆರು ವಾರ ಕೂತಿದ್ದೆ. ಮೊದಲ ವಾರ ಯಾರೂ ನನಗೆ ಏನೂ ಕೆಲಸ ಕೊಡಲಿಲ್ಲ. ಗುಮಾಸ್ತರ ಪಕ್ಕ ಕೂತು ನೋಡಿದೆ ಅಷ್ಟೇ. ರೈತರ ಮಾಲು ಬರುತ್ತದೆ, ಹಮಾಲರು ಚೀಲ ಇಳಿಸುತ್ತಾರೆ, ಖರೀದಿದಾರರು ಒಂದೊಂದೇ ಲಾಟ್ ಹತ್ತಿರ ಬಂದು ಕಾಯಿ ಕೈಯಲ್ಲಿ ಹಿಡಿದು, ಮುರಿದು, ಬಣ್ಣ ನೋಡಿ, ಹಸಿ ಎಷ್ಟಿದೆ ಅಂತ ಅಂದಾಜು ಮಾಡಿ ಟೆಂಡರ್‌ಗೆ ದರ ಹಾಕುತ್ತಾರೆ. ಹೆಚ್ಚು ಹಾಕಿದವರಿಗೆ ಮಾಲು. ರೈತನಿಗೆ ಒಪ್ಪಿಗೆ ಆಗದಿದ್ದರೆ ಬೇಡ ಅನ್ನಬಹುದು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಬಣ್ಣ ತೆಗೆಯುವ ಫ್ಯಾಕ್ಟರಿಗಳು ಅದಕ್ಕೇ ಕೊಳ್ಳುತ್ತವೆ. ಹಾಗಾಗಿ ಪಕ್ಕಪಕ್ಕದ ಎರಡು ರಾಶಿಗೆ ದರದಲ್ಲಿ ಸಾವಿರಾರು ರೂಪಾಯಿ ವ್ಯತ್ಯಾಸ ಬಂದಾಗ ನನಗೆ ಮೊದಮೊದಲು ಏನೂ ಅರ್ಥವಾಗುತ್ತಿರಲಿಲ್ಲ. ಮೂರನೇ ವಾರಕ್ಕೆ ನಾನೂ ಒಳಗೊಳಗೇ ದರ ಊಹಿಸುತ್ತಿದ್ದೆ.

ಈಗ ನಿನ್ನ ವರ್ಕಿಂಗ್ ಕ್ಯಾಪಿಟಲ್‌ಗೆ ಬರೋಣ. ಅಂಗಡಿಯವರು ರೈತನಿಗೆ ದುಡ್ಡು ಬೇಗ ಕೊಡಬೇಕು, ಖರೀದಿದಾರರು ಅಂಗಡಿಗೆ ಕೊಡುವುದು ವಾರಗಳು ಬಿಟ್ಟು. ನಡುವಿನ ದಿನಗಳಿಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ, ಅದಕ್ಕೆ ಬಡ್ಡಿ. ನಾನು ಹಳೆಯ ಖಾತೆ ಪುಸ್ತಕ ತೆಗೆದು ಯಾವ ಖರೀದಿದಾರರು ಎಷ್ಟು ದಿನಕ್ಕೆ ಕೊಟ್ಟರು ಅಂತ ಎಕ್ಸೆಲ್‌ನಲ್ಲಿ ಹಾಕಿದೆ. ಎಲ್ಲರಿಗಿಂತ ಜಾಸ್ತಿ ಮಾಲು ಎತ್ತುವವರೊಬ್ಬರಿದ್ದರು, ಅವರು ಬಂದರೆ ಮಾಲೀಕರೇ ಎದ್ದು ಕುರ್ಚಿ ಕೊಡುತ್ತಿದ್ದರು. ಬಡ್ಡಿ ಕಳೆದು ನೋಡಿದರೆ ಅವರ ವ್ಯಾಪಾರದಲ್ಲಿ ಅಂಗಡಿಗೆ ಉಳಿಯುತ್ತಿದ್ದುದು ಏನೂ ಇಲ್ಲ. ಆ ಹಾಳೆಯನ್ನು ಮಾಲೀಕರು ಬಹಳ ಹೊತ್ತು ನೋಡಿದರು. ಮಾರನೇ ದಿನದಿಂದ ನನಗೆ ನಿಜವಾದ ಕೆಲಸ ಕೊಡಲು ಶುರು ಮಾಡಿದರು.

ಇನ್ನೊಂದು. 2024ರ ಮಾರ್ಚ್‌ನಲ್ಲಿ ದರ ಒಮ್ಮೆಲೇ ಬಿದ್ದಾಗ ಅಲ್ಲಿ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ಗಾಡಿಗಳಿಗೆ ಬೆಂಕಿ ಬಿದ್ದಿದ್ದು ನಿನಗೂ ನೆನಪಿರಬಹುದು. ಆವಕ ಜಾಸ್ತಿಯಾದರೆ ದರ ಇಳಿಯುತ್ತದೆ ಅಂತ ನಾವು ಪರೀಕ್ಷೆಯಲ್ಲಿ ಒಂದು ಸಾಲು ಬರೆದು ಎರಡು ಮಾರ್ಕ್ಸ್ ತೆಗೆದುಕೊಳ್ಳುತ್ತೇವೆ. ಇಳಿದ ದಿನ ರೈತರ ಪಕ್ಕದಲ್ಲಿ ಕೂತಿದ್ದರೆ ಆ ಸಾಲನ್ನು ಅಷ್ಟು ಸಲೀಸಾಗಿ ಬರೆಯಲು ಕೈ ಬರುವುದಿಲ್ಲ.

ಆನ್_ಆರ್ಬರ್_ಕನ್ನಡಿಗ:
ಮೇಲಿನ ಅಕ್ಕನ ಉತ್ತರ ಓದಿ ಬರೆಯಲೇಬೇಕು ಅನ್ನಿಸಿತು. ನಾನು ಮಿಶಿಗನ್‌ನ ರಾಸ್ ಬಿಸಿನೆಸ್ ಸ್ಕೂಲ್‌ನಲ್ಲಿ ಓದಿದವನು, ಊರು ಶಿವಮೊಗ್ಗ. ಅಲ್ಲಿ 1992ರಿಂದ ಮ್ಯಾಪ್ ಅಂತ ಒಂದು ಕೋರ್ಸ್ ಇದೆ. ಮೊದಲ ವರ್ಷದ ಫುಲ್ ಟೈಮ್ ಎಂಬಿಎಯವರೆಲ್ಲಾ ಮಾಡಲೇಬೇಕು. ಏಳು ವಾರ ಅದೊಂದೇ ಕೆಲಸ. ನಾಲ್ಕಾರು ಜನರ ತಂಡ, ಹೊರಗಿನ ಒಂದು ಸಂಸ್ಥೆಯ ನಿಜವಾದ ತೊಂದರೆ, ಮೇಲೆ ಮೇಷ್ಟ್ರುಗಳ ಕಣ್ಣು.

ಅಲ್ಲಿ ನಾನು ಕಲಿತ ದೊಡ್ಡ ಸಂಗತಿ, ಸಂಸ್ಥೆಯವರು ಮೊದಲ ದಿನ ಹೇಳುವ ತೊಂದರೆಯೇ ಬೇರೆ, ಒಳಗೆ ಇರುವುದೇ ಬೇರೆ. ಅದನ್ನು ಕಂಡುಹಿಡಿಯಲು ನಮಗೆ ಎರಡು ವಾರ ಹಿಡಿಯಿತು. ನಿಮಗೆ ಇರುವುದೇ ಒಂದು ತಿಂಗಳು, ಹಾಗಾಗಿ ಪ್ರಶ್ನೆ ಚಿಕ್ಕದಾಗಿರಲಿ, ಆದರೆ ಉತ್ತರ ಅಂಗಡಿಯವರಿಗೆ ನಿಜವಾಗಿ ಬೇಕಾಗಿರಲಿ. ಪ್ರತಿ ಶನಿವಾರ ಅವರಿಗೆ ಅರ್ಧ ಹಾಳೆಯಲ್ಲಿ ಬರೆದು ತೋರಿಸಿ. ನಮ್ಮ ದೇಶದಲ್ಲೇ ನೋಡಿ, ಅಮುಲ್‌ನ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದ್‌ನಲ್ಲಿ ಇರ್ಮಾ ಅನ್ನುವ ಗ್ರಾಮೀಣ ಮ್ಯಾನೇಜ್‌ಮೆಂಟ್ ಸಂಸ್ಥೆ ಶುರು ಮಾಡಿದರಲ್ವಾ, ಅಲ್ಲಿನ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಹಳ್ಳಿಯಲ್ಲಿ ವಾರಗಟ್ಟಲೆ ಇದ್ದು ಕಲಿಯುತ್ತಾರೆ. ಬ್ಯಾಡಗಿ ಕಡಿಮೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಹಾಲಿನ_ಕ್ಯಾನ್:
ಬ್ಯಾಡಗಿ ಆಗದಿದ್ದರೆ ನಿಮ್ಮ ಹತ್ತಿರದ ಹಳ್ಳಿಯ ಹಾಲಿನ ಡೇರಿ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹಾಲು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ ದರ, ಲೀಟರಿಗೆ ಇಷ್ಟು ಅಂತ ಸರ್ಕಾರ ಕೊಡುವ ಪ್ರೋತ್ಸಾಹಧನ ಬೇರೆ ದಾರಿಯಲ್ಲಿ ಬೇರೆ ದಿನ ಬರುತ್ತದೆ. ಒಂದು ಮನೆಯ ಒಂದು ಹಸುವಿನ ಖರ್ಚು, ಆದಾಯ ಹಿಂಡಿಯಿಂದ ಹಿಡಿದು ಬರೆದು ನೋಡಿ. ಕಾರ್ಯದರ್ಶಿಗಳು ಸಾಮಾನ್ಯವಾಗಿ ಒಳ್ಳೆಯವರು, ಬೆಳಿಗ್ಗೆ ಆರಕ್ಕೆ ಹೋದರೆ ಮಾತಾಡುತ್ತಾರೆ.

ರಾಣೆಬೆನ್ನೂರು_ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಅಪ್ಪನಿಗೂ ಓದಿ ಹೇಳಿದೆ, ಅವರಿಗೆ ಬ್ಯಾಡಗಿಯಲ್ಲಿ ಒಬ್ಬರು ಪರಿಚಯ ಇದ್ದಾರಂತೆ! ಅಕ್ಕಾ, ಎರಡು ಅನುಮಾನ. ನಾನು ಹೋಗುವಾಗ ಮಳೆಗಾಲ, ಸೀಸನ್ ಇರುವುದಿಲ್ಲ. ಮತ್ತೆ ದಲಾಲಿ ಅಂಗಡಿ ಅಂದರೆ ನಮ್ಮ ಗೈಡ್ ಒಪ್ಪುತ್ತಾರಾ?

ಕೆಂಪು_ರಾಶಿ:
ಸೀಸನ್ ಜನವರಿಯಿಂದ ಏಪ್ರಿಲ್, ನಿಜ. ಆದರೆ ಮಳೆಗಾಲದಲ್ಲಿ ಕೋಲ್ಡ್ ಸ್ಟೋರೇಜ್ ಮಾಲು ಇರುತ್ತದೆ. ನಿನಗೆ ಅದೇ ಒಳ್ಳೆಯದು, ಜನರಿಗೆ ಮಾತಾಡಲು ಪುರಸೊತ್ತು ಇರುತ್ತದೆ. ಪ್ರಶ್ನೆ ಹೀಗೆ ಇಟ್ಟುಕೋ: ಮಾರ್ಚ್‌ನಲ್ಲೇ ಮಾರಿದ್ದರೆ ರೈತನಿಗೆ ಎಷ್ಟು ಬರುತ್ತಿತ್ತು, ಸ್ಟೋರೇಜ್‌ನಲ್ಲಿ ಇಟ್ಟು ಈಗ ಮಾರಿದರೆ ಬಾಡಿಗೆ, ಸಾಲದ ಬಡ್ಡಿ, ತೂಕದಲ್ಲಿ ಕಡಿಮೆಯಾಗಿದ್ದು ಎಲ್ಲಾ ಕಳೆದು ಎಷ್ಟು ಉಳಿಯುತ್ತದೆ. ಹತ್ತು ಹದಿನೈದು ರೈತರ ಚೀಟಿ ಸಿಕ್ಕರೂ ಒಳ್ಳೆಯ ರಿಪೋರ್ಟ್ ಆಗುತ್ತದೆ.

ಗೈಡ್‌ಗೆ ಹೆಸರು ಹೇಳುವ ಮೊದಲು ಈ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು ಕೊಡು. ಅಂಗಡಿಯ ಜಿಎಸ್‌ಟಿ ನಂಬರ್, ಎಪಿಎಂಸಿ ಲೈಸೆನ್ಸ್ ನಂಬರ್ ಇರುವ ಲೆಟರ್‌ಹೆಡ್‌ನಲ್ಲಿ ಒಪ್ಪಿಗೆ ಪತ್ರ ತಂದರೆ ಕಾಲೇಜಿಗೆ ಅನುಮಾನ ಇರುವುದಿಲ್ಲ, ನನಗೆ ಹಾಗೇ ಆಯಿತು. ಲೆಕ್ಕದಲ್ಲಿ ಅಂಗಡಿಯ ಹೆಸರು, ಖರೀದಿದಾರರ ಹೆಸರು ಹಾಕುವುದಿಲ್ಲ ಅಂತ ಮಾಲೀಕರಿಗೆ ಮೊದಲೇ ಹೇಳು, ಇಲ್ಲದಿದ್ದರೆ ಪುಸ್ತಕ ತೆಗೆಯುವುದಿಲ್ಲ. ಸೋಮವಾರ, ಗುರುವಾರ ಮಾರುಕಟ್ಟೆ ದಿನ. ಮೊದಲ ಸಲ ಸೋಮವಾರ ಹೋಗು, ಬೆಳಿಗ್ಗೆ ಬೇಗ. ಮೂಗಿಗೆ ಒಂದು ಬಟ್ಟೆ ಕಟ್ಟಿಕೋ, ಮೊದಲ ಎರಡು ದಿನ ಘಾಟಿಗೆ ಸೀನು ನಿಲ್ಲುವುದಿಲ್ಲ.