‘ಥಿಸಲ್’ಗೆ ಕನ್ನಡದಲ್ಲಿ ಏನನ್ನೋಣ? ‘ಜವುಳುಗುಸುಬಿ’ ಆದೀತಾ?

ಎಲ್ಲರಿಗೂ ನಮಸ್ಕಾರ. ಧಾರವಾಡದ ಒಂದು ಶಾಲೆಯ ಗೋಡೆಪತ್ರಿಕೆಗೆ ಸುಯಿಸನ್ ಥಿಸಲ್ ಎಂಬ ಗಿಡದ ಬಗ್ಗೆ ಬರೆಯುತ್ತಿದ್ದೇನೆ. ಥಿಸಲ್ ಅಂದರೆ ಎಲೆಗೆ ಮುಳ್ಳಿರುವ, ಕುಚ್ಚಿನಂಥ ಹೂವು ಬಿಡುವ ಗಿಡಗಳ ಒಂದು ಬಳಗ. ಹೆಸರಿನ ಹತ್ತಿರವೇ ಪೆನ್ನು ನಿಂತಿದೆ.

ಈ ಗಿಡ ಇರುವುದು ಕ್ಯಾಲಿಫೋರ್ನಿಯಾದ ಸುಯಿಸನ್ ಜೌಗಿನಲ್ಲಿ ಮಾತ್ರ. ಸಮುದ್ರದ ಉಬ್ಬರ ಒಳಗೆ ಬಂದು ನದಿನೀರಿನ ಜೊತೆ ಬೆರೆಯುವ ಜಾಗ ಅದು. ಗಿಡ ಪೂರ್ತಿ ಅಳಿದೇಹೋಯಿತು ಅಂದುಕೊಂಡಿದ್ದರು. 1989ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. 1997ರಲ್ಲಿ ಅಮೆರಿಕ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಗುಲಾಬಿ-ನೇರಳೆ ಹೂವು, ಎಲೆಯಂಚಿಗೆ ಮುಳ್ಳು. ಹೂವಿನ ಬುಡವನ್ನು ಸುತ್ತಿರುವ ಒಂದೊಂದು ಪುಟ್ಟ ಎಲೆಯ ಬೆನ್ನಿಗೂ ಅಂಟಂಟಾದ ಹಸಿರು ಗೆರೆ ಇರುತ್ತದೆ. ಇದನ್ನು ಗುರುತು ಹಿಡಿಯುವುದು ಆ ಗೆರೆಯಿಂದಲೇ.

‘ಥಿಸಲ್’ಗೆ ಇಂಗ್ಲಿಷ್-ಕನ್ನಡ ನಿಘಂಟು ‘ಮುಳ್ಳುಗಿಡ’ ಎನ್ನುತ್ತದೆ. ಹಾಗಂದರೆ ಜಾಲಿಯೂ ಆಯಿತು, ಕಳ್ಳಿಯೂ ಆಯಿತು. ‘ಬ್ರಹ್ಮದಂಡಿ’ ಅನ್ನೋಣ ಎಂದರೆ ಒಬ್ಬರಿಗೆ ಅದು ಒಣಹೊಲದ ಗುಂಡುಹೂವಿನ ಗಿಡ, ಇನ್ನೊಬ್ಬರಿಗೆ ಹಳದಿ ಹೂವಿನ ದತ್ತೂರಿ. ದತ್ತೂರಿ ಮೆಕ್ಸಿಕೊದಿಂದ ಬಂದ ಕಳೆ, ಗಸಗಸೆಯ ಬಳಗದ್ದು. ಕೆರೆಯಂಚಿನ ಕೊಳವಳಿಕೆಗೆ ನೀರೂ ಇದೆ, ಮುಳ್ಳೂ ಇದೆ, ಆದರೆ ಅದು ಆಡುಸೋಗೆಯ ಬಳಗ.

ನನಗೆ ಒಪ್ಪಿಗೆಯಾಗಿರುವುದು ಕುಸುಬಿ. ಗದಗ, ನವಲಗುಂದ ಕಡೆಯ ಎರಿ ಹೊಲದವರಿಗೆ ಕುಸುಬಿ ಹೇಳಿಕೊಡಬೇಕಾಗಿಲ್ಲ, ಅಲ್ವಾ? ದನ ಒಳಗೆ ನುಗ್ಗದಂತೆ ಹೊಲದ ಅಂಚಿಗೆ ಹಾಕುತ್ತಾರೆ. ಬೆಳಗಿನ ಇಬ್ಬನಿಗೆ ಮುಳ್ಳು ಮೆತ್ತಗಾಗಿರುವಾಗಲೇ ಕೊಯ್ಯುತ್ತಾರೆ. ಇದು ಸುಮ್ನೆ ನೋಡಲಿಕ್ಕೆ ಹೋಲುವ ಗಿಡವಲ್ಲ, ಸಸ್ಯಶಾಸ್ತ್ರದಲ್ಲೂ ಥಿಸಲ್‌ಗಳ ಖಾಸಾ ಬಳಗ. ಅದಕ್ಕೆ ನಮ್ಮ ಸವಳು-ಜವುಳಿನ ‘ಜವುಳು’ ಸೇರಿಸಿದರೆ ‘ಜವುಳುಗುಸುಬಿ’. ಉಪ್ಪುನೀರಿನ ಕೆಸರು ಎಂಬುದೂ ಹೆಸರಲ್ಲೇ ಬಂತು. ಸುಯಿಸನ್ ಥಿಸಲ್‌ನ ವೈಜ್ಞಾನಿಕ ಹೆಸರಿನಲ್ಲಿರುವ ‘ಹೈಡ್ರೋಫಿಲಮ್’ಗೂ ನೀರನ್ನು ಮೆಚ್ಚುವುದು ಎಂದೇ ಅರ್ಥ.

ಇನ್ನೊಂದು ತೊಡಕು ‘ನೇಟಿವ್’, ಅಂದರೆ ಆ ನೆಲದ್ದೇ ಆದ, ಎಂಬ ಪದದ್ದು. ಈ ಪದ ಬಿಡುವಂತಿಲ್ಲ. ಅಮೆರಿಕದಲ್ಲಿ ಹೊರಗಿನಿಂದ ಬಂದ ಥಿಸಲ್‌ಗಳು ದೊಡ್ಡ ಕಳೆ. ಅವುಗಳ ಬೀಜ ತಿನ್ನಲೆಂದು ತಂದು ಬಿಟ್ಟ ಸೊಂಡಿಲು ಹುಳು ಅಲ್ಲಿನ ಮೂಲ ಥಿಸಲ್‌ಗಳನ್ನೂ ತಿನ್ನುತ್ತದೆ. ‘ದೇಶಿ’ ಎಂದರೆ ಮಕ್ಕಳು ಭಾರತದ್ದು ಅಂದುಕೊಳ್ಳುತ್ತಾರೆ. ‘ಜವಾರಿ’ ನನಗೆ ಬಹಳ ಇಷ್ಟ. ಆದರೆ ಜವಾರಿ ಕೋಳಿ, ಜವಾರಿ ಬದನೆಕಾಯಿ ಅನ್ನುತ್ತೇವೆ. ಯಾರೂ ಬಿತ್ತದ, ಸಾಕದ ಕಾಡುಗಿಡಕ್ಕೆ ‘ಜವಾರಿ’ ಅನ್ನುವುದನ್ನು ನಿಮ್ಮ ಊರಲ್ಲಿ ಕೇಳಿದ್ದೀರಾ?

ಗದಗ, ಹಾವೇರಿ ಕಡೆಯವರು ದಯವಿಟ್ಟು ಇದನ್ನೂ ತಿಳಿಸಿ: ಆ ಗುಂಡುಹೂವಿನ ಬ್ರಹ್ಮದಂಡಿಗೆ ನಿಮ್ಮ ಮನೆಯ ಹಿರಿಯರು ಬೇರೆ ಏನಾದರೂ ಹೆಸರು ಹೇಳುತ್ತಾರಾ? ಅದರಲ್ಲಿ ‘ಕುಸುಬಿ’ ಇದ್ದರಂತೂ ಮೊದಲು ಬರೆಯಿರಿ.