ರಾಜನ ಸಂಸ್ಕಾರ, ಲೆಸ್ಟರ್ ಕಪ್ಪು ಮತ್ತು ನಮ್ಮ ‘ಹಳೇ ಮನೆ ಬಳಗ’

ಭಾನುವಾರ ಬೆಳಿಗ್ಗೆ 6:10ಕ್ಕೆ ನಮ್ಮ ಮನೆಯವರ ವಾಟ್ಸಾಪ್ ಗುಂಪು ‘ಹಳೇ ಮನೆ ಬಳಗ’ದಲ್ಲಿ ದೊಡ್ಡಪ್ಪನ ಮೆಸೇಜ್ ಬಂತು. ದಿನಾ ಬರುವ ಗುಲಾಬಿ ಹೂವಿನ ಶುಭೋದಯ ಆಗಲೇ ಬಂದಾಗಿತ್ತು. ಇದು ಬೇರೆ. ನೆತ್ತಿಯ ಮೇಲೆ ಎರಡು ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿಕೊಂಡು ಬಂದ ಸರಕು.

“ಓದಿ, ಮೈ ಜುಮ್ಮೆನ್ನುತ್ತದೆ!! ಇಂಗ್ಲೆಂಡಿನ ಲೀಸೆಸ್ಟರ್ ಊರಿನಲ್ಲಿ ಒಬ್ಬ ರಾಜನ ಅಸ್ಥಿ 500 ವರ್ಷ ಸಂಸ್ಕಾರವಿಲ್ಲದೆ ಕಾರ್ ಪಾರ್ಕಿಂಗ್ ಕೆಳಗೆ ಬಿದ್ದಿತ್ತು. ಊರಿನ ಫುಟ್‌ಬಾಲ್ ತಂಡ ಸೋತು ಸುಣ್ಣವಾಗಿತ್ತು. 2015ರಲ್ಲಿ ಶಾಸ್ತ್ರೋಕ್ತವಾಗಿ ಸಮಾಧಿ ಮಾಡಿದರು. ಮುಂದಿನ ಪಂದ್ಯದಿಂದಲೇ ಗೆಲುವು! ಮರುವರ್ಷ ಇಡೀ ಇಂಗ್ಲೆಂಡಿಗೇ ಚಾಂಪಿಯನ್! ಪಿತೃಗಳನ್ನು ಮರೆತವರು ಗಮನಿಸಿ. 10 ಜನರಿಗೆ ಕಳಿಸಿ.”

ಕೆಳಗೆ ದೊಡ್ಡಪ್ಪನ ಸ್ವಂತದ್ದು ಒಂದು ಸಾಲು: “ಅರ್ಥ ಆಗಬೇಕಾದವರಿಗೆ ಅರ್ಥ ಆದರೆ ಸಾಕು.”

ಬೆಂಕಿ ಹತ್ತಿದ್ದು ಆ ಸಾಲಿಗೇ. ಅಜ್ಜನ ತಿಥಿಗೆ ಇನ್ನು ಮೂರು ವಾರ ಇತ್ತು. ಹೋದ ವರ್ಷ ಶಿವಮೊಗ್ಗಕ್ಕೆ ಬಂದವರು ಏಳೇ ಜನ. ಮಾಡಿಸಿದ ವಡೆಯನ್ನು ಮೂರು ದಿನ ತಿಂದೆವು ಅಂತ ದೊಡ್ಡಮ್ಮ ಯುಗಾದಿವರೆಗೂ ಹೇಳುತ್ತಿದ್ದರು. ಬಾರದವರ ಪಟ್ಟಿಯಲ್ಲಿ ನಾನೂ ಇದ್ದೆ. ಮೇಲಿಂದ ಈ ಗುಂಪಿನ ಅಡ್ಮಿನ್ ಬೇರೆ. ಸುಮ್ನೆ ಓದುತ್ತಾ ಕೂತೆ.

ಮೊದಲು ಎದ್ದವರು ಮೈಸೂರಿನ ಚಿಕ್ಕಪ್ಪ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು.

“ಅಣ್ಣಯ್ಯ, ಅದು ಲೀಸೆಸ್ಟರ್ ಅಲ್ಲ, ಲೆಸ್ಟರ್. ಬರೆಯುವುದು ಒಂದು, ಹೇಳುವುದು ಇನ್ನೊಂದು. ವೂಸ್ಟರ್, ಗ್ಲಾಸ್ಟರ್ ಇವೆಲ್ಲ ಹಾಗೇ.”

ದೊಡ್ಡಪ್ಪ: “ಉಚ್ಚಾರಣೆ ಸರಿ ಇದ್ದು ಆಚರಣೆ ಇಲ್ಲದಿದ್ದರೆ ಏನು ಬಂತು?”

ಚಿಕ್ಕಪ್ಪ ಹೋದ ವರ್ಷ ಬಂದಿದ್ದರು ನಿಜ, ಆದರೆ ಪಿಂಡಪ್ರದಾನ ಮುಗಿದ ಮೇಲೆ, ಊಟದ ಹೊತ್ತಿಗೆ. ಅದಕ್ಕೆ ಬಿದ್ದ ಏಟು ಇದು.

ಎಂಟು ಗಂಟೆಗೆ ಚಿಕ್ಕಪ್ಪನ ಮಗ ಪುಟ್ಟ ಎದ್ದ. ಬೆಂಗಳೂರಿನಲ್ಲಿ ಆಡಿಟರ್. ಮನೆಯಲ್ಲಿ ಚಹಾ ಕೊಟ್ಟರೂ ರಸೀದಿ ಕೇಳುವ ಜಾತಿ.

“ದೊಡ್ಡಪ್ಪ, ಇದಕ್ಕೆ ಆಧಾರ ಏನು? ಲಿಂಕ್ ಇದೆಯಾ? ಯಾರು ಬರೆದದ್ದು?”

“ನನಗೆ ಕಳಿಸಿದವರು ನಿವೃತ್ತ ತಹಶೀಲ್ದಾರರು.”

ಸುಳ್ಳೆಲ್ಲಿ ಹೇಳಲಿ, ಫಾರ್ವರ್ಡಿನ ತಾರೀಖುಗಳು ಸರಿಯಾಗಿಯೇ ಇವೆ. ಆ ರಾಜ, ಮೂರನೇ ರಿಚರ್ಡ್, ಬಾಸ್‌ವರ್ತ್ ಯುದ್ಧದಲ್ಲಿ ಸತ್ತದ್ದು 1485ರಲ್ಲಿ. ಪೆಟ್ಟಿಗೆಯೂ ಇಲ್ಲದೆ ಗಡಿಬಿಡಿಯಲ್ಲಿ ಹೂತರು. ಹೂತ ಚರ್ಚು ಮುಂದೆ ನೆಲಸಮವಾಯಿತು, ಕಾಲ ಸರಿದು ಆ ಜಾಗ ಕಾರು ನಿಲ್ಲಿಸುವ ಕಟ್ಟೆಯಾಯಿತು. 2012ರಲ್ಲಿ ಅಗೆದರೆ ಬೆನ್ನುಮೂಳೆ ಸೊಟ್ಟಗಿದ್ದ ಅಸ್ಥಿಪಂಜರ ಸಿಕ್ಕಿತು. ಲೆಸ್ಟರ್ ಕೆಥೀಡ್ರಲ್ಲಿನಲ್ಲಿ ಮತ್ತೆ ಮಣ್ಣು ಮಾಡಿದ್ದು 2015ರ ಮಾರ್ಚ್ 26ರಂದು. ಆ ದಿನ ಊರಿನ ತಂಡ ಲೆಸ್ಟರ್ ಸಿಟಿ 29 ಪಂದ್ಯಗಳಲ್ಲಿ ಬರೀ 19 ಪಾಯಿಂಟ್ ಮಾಡಿ ಪಟ್ಟಿಯ ತಳದಲ್ಲಿತ್ತು. ಏಪ್ರಿಲ್ 4ಕ್ಕೆ ವೆಸ್ಟ್ ಹ್ಯಾಮ್ ತಂಡವನ್ನು 2-1ರಲ್ಲಿ ಸೋಲಿಸಿದರು. ಉಳಿದಿದ್ದ ಒಂಬತ್ತು ಪಂದ್ಯಗಳಲ್ಲಿ ಏಳು ಗೆದ್ದು, 14ನೇ ಸ್ಥಾನಕ್ಕೆ ಏರಿ, ಕೆಳಗಿನ ದರ್ಜೆಗೆ ಬೀಳದೆ ಬಚಾವಾದರು. ಮರುವರ್ಷದ್ದು ಎಲ್ಲರಿಗೂ ಗೊತ್ತು. ಗೆದ್ದರೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂತ ಬುಕ್ಕಿಗಳು ಹೇಳಿದ್ದ ತಂಡ, 81 ಪಾಯಿಂಟ್ ಮಾಡಿ ಪ್ರೀಮಿಯರ್ ಲೀಗ್ ಗೆದ್ದಿತು.

ಇದನ್ನೆಲ್ಲ ನಾನು ಬರೆದು ಹಾಕಿದೆ. ಯಾರೂ ಓದಲಿಲ್ಲ. ದೊಡ್ಡಪ್ಪ ಒಬ್ಬರೇ “ನೋಡಿದೆಯಾ ಪುಟ್ಟ, ತಾರೀಖು ಸಮೇತ” ಎಂದರು. ಅವನ ಕೋಪ ನನ್ನ ಕಡೆ ತಿರುಗಿತು.

“ಅಣ್ಣಾ, ತಾರೀಖು ಸರಿ ಇದ್ದ ಮಾತ್ರಕ್ಕೆ ಕಾರಣ ಅದೇ ಅಂತ ಆಗಿಬಿಡುತ್ತಾ? ರಾಜ ಕಾರುಗಳ ಕೆಳಗೆ ಮಲಗಿದ್ದಾಗಲೇ ಇದೇ ತಂಡ 1964, 1997, 2000ದಲ್ಲಿ ಲೀಗ್ ಕಪ್ ಗೆದ್ದಿದೆ. ಆಗ ಯಾವ ಪಿತೃ ಸಂತೃಪ್ತಿ ಆಗಿತ್ತು?”

ದೊಡ್ಡಪ್ಪ: “ಅದು ಸಣ್ಣ ಕಪ್ಪು.”

ಪುಟ್ಟ: “ಗೆದ್ದದ್ದು ತಂಡದ ಆಟಗಾರ ಕಾಂಟೆ ಓಡಿದ್ದಕ್ಕೆ. ಮಹ್ರೇಜ್ 17 ಗೋಲು, ವಾರ್ಡಿ 24 ಗೋಲು ಹೊಡೆದದ್ದಕ್ಕೆ. ವಾರ್ಡಿ ಸತತ 11 ಪಂದ್ಯಗಳಲ್ಲಿ ಗೋಲು ಹೊಡೆದ. ಕ್ಯಾಪ್ಟನ್ ಮಾರ್ಗನ್, ಗೋಲ್‌ಕೀಪರ್ ಶ್ಮೈಕೆಲ್ ಇಬ್ಬರೂ 38 ಪಂದ್ಯಗಳಲ್ಲಿ ಒಂದು ನಿಮಿಷ ಕೂಡ ಹೊರಗೆ ಕೂರಲಿಲ್ಲ. ದೊಡ್ಡ ತಂಡ ಚೆಲ್ಸಿ ಆ ವರ್ಷ ಮಕಾಡೆ ಮಲಗಿ 10ನೇ ಸ್ಥಾನಕ್ಕೆ ಬಿತ್ತು. ಇಷ್ಟು ಸಾಕಲ್ವಾ? ಸಮಾಧಿ ಯಾಕೆ ಬೇಕು?”

ದೊಡ್ಡಪ್ಪ: “ಒಂದು ನಿಮಿಷ ಕೂಡ ತಪ್ಪಿಸಲಿಲ್ಲ ಅಂದೆಯಲ್ಲ. ಕರ್ತವ್ಯ ಅಂದರೆ ಅದು. ವರ್ಷಕ್ಕೆ ಒಂದು ದಿನ ಬರೋಕೆ ಕೆಲವರಿಗೆ ಆಡಿಟ್ ಅಡ್ಡ ಬರುತ್ತೆ.”

ಚಿಕ್ಕಪ್ಪ ಮಗನ ಪರ ನಿಲ್ಲಲೋ, ಅಣ್ಣನ ಪರ ನಿಲ್ಲಲೋ ತಿಳಿಯದೆ “ಪುಟ್ಟಾ, ದೊಡ್ಡವರ ಹತ್ತಿರ ಮಾತಾಡುವ ರೀತಿಯಾ ಇದು” ಅಂತ ಬರೆದು ಅಳಿಸಿದರು. ಅಳಿಸಿದ್ದನ್ನು ಎಲ್ಲರೂ ಓದಿಯಾಗಿತ್ತು.

ಅಷ್ಟರಲ್ಲಿ ಅತ್ತೆ ಮಗ ಗುಂಡ ಬಂದ. ಅವನು ಯಾವ ಜಗಳದಲ್ಲೂ ಮಧ್ಯಕ್ಕೆ ಬಂದು ಹಳೇ ಮನೆಯ ಬಾಗಿಲು ತೆಗೆಯುತ್ತಾನೆ.

“ಫುಟ್‌ಬಾಲ್ ಅಂದಾಗ ನೆನಪಾಯ್ತು. ಹಳೇ ಮನೆ ಹಿತ್ತಲ ಚಕ್ಕೋತ! ಮಳೆಗಾಲದಲ್ಲಿ ಅದನ್ನೇ ಒದ್ದು ಆಡ್ತಿದ್ವಿ. ಒಂದು ದಿನ ಅದು ಒಡೆದು, ಒಣಗಿಸಿದ ಅಡಿಕೆ ಮೇಲೆಲ್ಲ ರಸ ಚೆಲ್ಲಿ, ಅಜ್ಜ ದೋಟಿ ಹಿಡಿದುಕೊಂಡು ಅಟ್ಟಿಸಿಕೊಂಡು ಬಂದಿದ್ರು.”

ಈ ಮಾತಿಗೆ ಮಾತ್ರ ಹದಿನಾಲ್ಕು ಹೃದಯದ ಗುರುತು ಬಿದ್ದವು. ನನಗೂ ನೆನಪಿದೆ. ಚಕ್ಕೋತ ಹೊಸದರಲ್ಲಿ ಕಲ್ಲಿನ ಹಾಗೆ, ಹೆಬ್ಬೆರಳು ಮುರಿಯುತ್ತೆ. ಒಂದಷ್ಟು ಹೊತ್ತು ಒದ್ದ ಮೇಲೆ ಒಳಗೆ ತೊಳೆ ಬಿಟ್ಟುಕೊಂಡು ಹದವಾಗುತ್ತೆ, ಕಾಲಿಗೆ ಮೆತ್ತಗೆ ಸಿಗುತ್ತೆ. ಆಟ ಚೆನ್ನಾಗಿ ಸಾಗುವುದು ಆ ಹತ್ತು ನಿಮಿಷ ಮಾತ್ರ. ಆಮೇಲೆ ಸಿಪ್ಪೆ ಬಿರಿಯುತ್ತೆ, ಗುಂಡಿಯಲ್ಲಿ ಬಿದ್ದ ನಾಯಿಮರಿಯ ಹಾಗೆ ನೀರು ಚಿಮ್ಮಿಸುತ್ತಾ ಉರುಳುತ್ತೆ. ಗುಂಡ ಗೋಲ್‌ಕೀಪರ್. ಗೋಲು ಅಂದರೆ ಬಚ್ಚಲ ಹಂಡೆಗೂ ಸೌದೆ ರಾಶಿಗೂ ನಡುವಿನ ಜಾಗ.

ಎಲ್ಲರೂ ಮೆತ್ತಗಾಗಿದ್ದರು. ಆಗ ಸಾಗರದ ಅತ್ತೆ ಬಂದರು.

“ಮನೆ ಮಾರಿದ ಮೇಲೆ ಚಕ್ಕೋತ ನೆನೆದು ಏನು ಪ್ರಯೋಜನ?”

ಗುಂಪು ತಣ್ಣಗಾಯಿತು. ಅತ್ತೆ ನಿಲ್ಲಿಸಲಿಲ್ಲ. ಅವರು ಆ ಫಾರ್ವರ್ಡನ್ನು ಓದಿ, ಮೊಮ್ಮಗಳ ಕೈಲಿ ಇನ್ನಷ್ಟು ಹುಡುಕಿಸಿ, ತಯಾರಾಗಿ ಬಂದಿದ್ದರು. ಇಡೀ ಬಳಗದಲ್ಲಿ ವಿಷಯ ಓದಿದವರು ಅವರೊಬ್ಬರೇ.

“ಅಣ್ಣಯ್ಯ, ಆ ಮೂಳೆ ರಾಜನದ್ದೇ ಅಂತ ಹೇಗೆ ಗೊತ್ತಾಯ್ತು ಹೇಳು? ರಾಜನ ಅಕ್ಕನ ವಂಶದವರ ಡಿಎನ್‌ಎಯಿಂದ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿದು ಬರುವ ಗುರುತಂತೆ. ಕೆನಡಾದಿಂದ ಬಂದು ಲಂಡನ್ನಿನಲ್ಲಿ ಮರಗೆಲಸ ಮಾಡ್ತಿದ್ದ ಒಬ್ಬರ ಜೊತೆ ಅದು ಹೊಂದಿತು. ರಾಜನ ಪೆಟ್ಟಿಗೆ ಮಾಡಿಕೊಟ್ಟವರೂ ಅವರೇ. 500 ವರ್ಷ ಆದರೂ ಹೆಣ್ಣುಮಕ್ಕಳ ಕಡೆಯವರೇ ಬೇಕಾಯ್ತು. ನಮ್ಮಲ್ಲಿ ಮನೆ ಮಾರುವಾಗ ಸಹಿ ಹಾಕೋಕೆ ಮಾತ್ರ ಹೆಣ್ಣುಮಕ್ಕಳು ನೆನಪಾಗಿದ್ದು.”

ನನ್ನ ಕಣ್ಣಿಗೆ ಆ ಇಡೀ ದಿನದ ಗೋಲು ಅದೇ. ಉತ್ತರ ಕೊಡಲು ದೊಡ್ಡಪ್ಪನಿಗೆ ನಲವತ್ತು ನಿಮಿಷ ಬೇಕಾಯಿತು. ‘ಟೈಪ್ ಮಾಡುತ್ತಿದ್ದಾರೆ’ ಅಂತ ಬರುವುದು, ಹೋಗುವುದು, ಮತ್ತೆ ಬರುವುದು. ಕಡೆಗೆ ಬಂದದ್ದು ಇಷ್ಟು: “ಆ ವಿಷಯ ಇಲ್ಲಿ ಬೇಡ ತಂಗಿ.”

ಪುಟ್ಟ ಇದೇ ಸಂದಿಯಲ್ಲಿ ನುಗ್ಗಿದ. “ದೊಡ್ಡಪ್ಪ, ಸಮಾಧಿ ಇನ್ನೂ ಅಲ್ಲೇ ಇದೆ. ಹಾಗಿದ್ದರೆ ಲೆಸ್ಟರ್ 2023ರಲ್ಲಿ ಯಾಕೆ ಕೆಳಗಿನ ದರ್ಜೆಗೆ ಬಿತ್ತು? ಮತ್ತೆ ಮೇಲೆ ಬಂದು 2025ರಲ್ಲಿ ಯಾಕೆ ಪುನಃ ಬಿತ್ತು?”

ಇದಕ್ಕೆ ದೊಡ್ಡಪ್ಪ ಒಂದು ಕ್ಷಣವೂ ತಡಮಾಡಲಿಲ್ಲ.

“ಒಂದು ಸಲ ಮಾಡಿ ಕೈ ತೊಳೆದುಕೊಂಡರೆ ಹೀಗೇ. ಪ್ರತಿ ವರ್ಷ ಮಾಡಬೇಕು.”

ಪುಟ್ಟ ಅಲ್ಲಿಗೆ ಮುಗಿದ. ಆಧಾರ ಕೇಳುವವರಿಗೆ ಇಂಥ ಉತ್ತರಕ್ಕೆ ಮದ್ದೇ ಇರುವುದಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಭಾವ ಎದ್ದರು. ದೊಡ್ಡಪ್ಪನ ಅಳಿಯ, ಹನ್ನೊಂದು ವರ್ಷದಿಂದ ಲೆಸ್ಟರಿನಲ್ಲೇ ಇರುವವರು. ಗುಂಪಿನಲ್ಲಿ ಇನ್ನೂರು ಮೆಸೇಜ್. ಅವರೂ ಓದಲಿಲ್ಲ. ತಮ್ಮ ಊರಿನ ಹೆಸರು ಕಂಡಿದ್ದೇ ಖುಷಿಯಾಗಿ ಶುರು ಮಾಡಿದರು.

“ಮಾವ, ನಾನು ಕಣ್ಣಾರೆ ಕಂಡಿದ್ದೇನೆ! ರನಿಯೇರಿ ಅಂತ ಇಟಲಿಯ ಕೋಚ್. ಒಂದು ಪಂದ್ಯದಲ್ಲಾದರೂ ಗೋಲು ಬಿಡದೆ ಆಡಿದರೆ ಪಿಜ್ಜಾ ಕೊಡಿಸುತ್ತೇನೆ ಅಂದಿದ್ದರು. ಹತ್ತನೇ ಪಂದ್ಯದಲ್ಲಿ ಆಯಿತು, ಕ್ರಿಸ್ಟಲ್ ಪ್ಯಾಲೆಸ್ ಮೇಲೆ 1-0. ಪಿಜ್ಜಾ ಅಂಗಡಿಗೆ ಕರೆದುಕೊಂಡು ಹೋಗಿ, ಹಿಟ್ಟು ತಟ್ಟುವ ಕೆಲಸ ಆಟಗಾರರಿಗೇ ಹಚ್ಚಿದರು. ಓನರ್ ವಿಚಾಯ್ ಥೈಲ್ಯಾಂಡಿನವರು. ಬ್ಯಾಂಕಾಕಿನಿಂದ ಭಿಕ್ಷುಗಳನ್ನು ಕರೆಸಿ ಆಶೀರ್ವಾದ ಮಾಡಿಸುತ್ತಿದ್ದರು. ತಮ್ಮ ಹುಟ್ಟುಹಬ್ಬಕ್ಕೆ ನೋಡಲು ಬಂದವರಿಗೆಲ್ಲ ಬಿಯರ್, ಡೋನಟ್ ಹಂಚಿದರು. 2018ರಲ್ಲಿ ಪಂದ್ಯ ಮುಗಿಸಿಕೊಂಡು ಮೈದಾನದಿಂದಲೇ ಹೆಲಿಕಾಪ್ಟರಿನಲ್ಲಿ ಹೊರಟವರು ಪಕ್ಕದಲ್ಲೇ ಬಿದ್ದು ಹೋದರು. ಐದು ಜನ. ನಾವೂ ಹೂವು ಇಟ್ಟು ಬಂದೆವು.”

ದೊಡ್ಡಮ್ಮ ಕೈಮುಗಿದ ಗುರುತು ಹಾಕಿದರು. ದೊಡ್ಡಪ್ಪ “ಭಿಕ್ಷುಗಳ ಆಶೀರ್ವಾದವೂ ಇತ್ತು ಅಂದಮೇಲೆ ಕೇಳಬೇಕೇ” ಎಂದರು. ಭಾವ ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು.

“ಇನ್ನೊಂದು ತಮಾಷೆ ಕೇಳಿ. ಸೀಸನ್ ಶುರುವಿನಲ್ಲಿ ಆಫೀಸಿನವರ ಜೊತೆ ಸುಮ್ನೆ ಎರಡು ಪೌಂಡ್ ಕಟ್ಟಿದ್ದೆ. ಕೊನೆವರೆಗೆ ಇಟ್ಟುಕೊಂಡಿದ್ದರೆ ಹತ್ತು ಸಾವಿರ ಪೌಂಡ್! ಫೆಬ್ರವರಿ 14ರಂದು ಆರ್ಸೆನಲ್ ಕೈಲಿ 95ನೇ ನಿಮಿಷದಲ್ಲಿ ಗೋಲು ತಿಂದು ಸೋತರು. ಎದೆ ಒಡೆದುಹೋಯಿತು. ಅವತ್ತು ರಾತ್ರಿಯೇ ಬೆಟ್ ಮುರಿಸಿ ಸಿಕ್ಕಷ್ಟು ತಗೊಂಡೆ, ಸಾವಿರದ ಚಿಲ್ಲರೆ. ಅದಾದ ಮೇಲೆ ಅವರು ಒಂದು ಪಂದ್ಯವನ್ನೂ ಸೋಲಲಿಲ್ಲ ನೋಡಿ!”

ಎರಡು ನಿಮಿಷ ಏನೂ ಇಲ್ಲ. ಆಮೇಲೆ ಅಕ್ಕ. ಅದೇ ಮನೆಯಲ್ಲಿ, ಬಹುಶಃ ಪಕ್ಕದ ರೂಮಿನಲ್ಲಿ ಇದ್ದವಳು.

“ರೀ, ಯಾವ ಸಾವಿರ ಪೌಂಡ್?”

ಭಾವ: “ಹಳೇ ಕತೆ ಕಣೇ.”

“2016ರಲ್ಲಿ ಅಮ್ಮನ ಕಣ್ಣಿನ ಆಪರೇಷನ್‌ಗೆ ಕಳಿಸೋಣ ಅಂದಾಗ ಕೈಯಲ್ಲಿ ಏನೂ ಇಲ್ಲ ಅಂದಿದ್ರಿ. ಆಮೇಲೆ ಹೊಸ ಟಿವಿ ಬಂತು. ಬೋನಸ್ಸು ಅಂದ್ರಿ.”

ದೊಡ್ಡಮ್ಮ: “ಹೋಗಲಿ ಬಿಡೇ, ಆಪರೇಷನ್ ಆಯ್ತಲ್ಲ.”

ಅತ್ತೆ: “ಅಣ್ಣಯ್ಯ, ಜೂಜಿನ ದುಡ್ಡಿಗೆ ಯಾವ ಪ್ರಾಯಶ್ಚಿತ್ತ? ಫಾರ್ವರ್ಡಿನಲ್ಲಿ ಇದೆಯಾ ನೋಡು.”

ಗುಂಡ: “ಆ ಟಿವೀಲೇ ಅಲ್ವಾ ಭಾವ, ಮೇ 2ರಂದು ಚೆಲ್ಸಿ–ಟಾಟನ್‌ಹ್ಯಾಮ್ ಡ್ರಾ ಆಗಿ ಲೆಸ್ಟರ್‌ಗೆ ಕಪ್ಪು ಖಾತ್ರಿಯಾದದ್ದು ನೋಡಿ ನನಗೆ ಫೋನ್ ಮಾಡಿ ಕುಣಿದಿದ್ದು?” ಅವನಿಗೆ ಒಳ್ಳೆಯ ಮನಸ್ಸು, ಆದರೆ ಹೊತ್ತುಗೊತ್ತು ಗೊತ್ತಾಗುವುದಿಲ್ಲ.

ಭಾವನ ಕಡೆಯಿಂದ ಆ ದಿನ ಮತ್ತೇನೂ ಬರಲಿಲ್ಲ. ಮರುದಿನವೂ ಇಲ್ಲ. ಗುಲಾಬಿ ಹೂವು ಮಾತ್ರ ಹೊತ್ತಿಗೆ ಸರಿಯಾಗಿ ಬಂತು.

ಬುಧವಾರ ದೊಡ್ಡಪ್ಪ ಹೊಸ ಮೆಸೇಜ್ ಹಾಕಿದರು. ಫಾರ್ವರ್ಡ್ ಅಲ್ಲ, ಒಂದೊಂದೇ ಅಕ್ಷರ ಒತ್ತಿ ಬರೆದದ್ದು. “ಅಪ್ಪನ ತಿಥಿಗೆ ಬರುವವರು ಹೆಸರು ಸೇರಿಸುತ್ತಾ ಹೋಗಿ. ವಡೆಗೆ ಲೆಕ್ಕ ಬೇಕು.” ಮೊದಲ ಹೆಸರು ಸಾಗರದ ಅತ್ತೆಯದ್ದು. ಆಮೇಲೆ ಗುಂಡ. ಚಿಕ್ಕಪ್ಪ ತಮ್ಮ ಹೆಸರಿನ ಮುಂದೆ ‘ಬೆಳಿಗ್ಗೆ ಎಂಟಕ್ಕೇ’ ಅಂತ ಸೇರಿಸಿದರು. ನಾನು ಹಾಕಿದೆ. ಪುಟ್ಟ ಹಾಕಿದ, ‘ಆಡಿಟ್ ಮುಂದಕ್ಕೆ ಹೋಗಿದೆ’ ಅಂತ ವಿವರಣೆ ಸಮೇತ.

ರಾತ್ರಿ ಹತ್ತರ ಮೇಲೆ ಭಾವ ಮೆಲ್ಲಗೆ ತಲೆ ಹಾಕಿದರು. “ಮಾವ, ಈ ಸಲ ನಾನೂ ಬರೋಣ ಅಂತಿದ್ದೇನೆ. ಟಿಕೆಟ್ ನೋಡ್ತಾ ಇದ್ದೇನೆ.”

ಅಕ್ಕ: “ಯಾವ ದುಡ್ಡಲ್ಲಿ?”