ಜಂಟಿ ವರಸೆಯಲ್ಲೇ ನಿಂತುಹೋದವಳಿಗೆ ಏನಾದರೂ ಹೇಳಿ

ಲೆಕ್ಕದಕ್ಕ, ದಾವಣಗೆರೆ

ನನಗೆ 47. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಜೂನ್‌ನಲ್ಲಿ ಮಗಳು ಹಾಸ್ಟೆಲ್ ಸೇರಿದಳು. ಅಲ್ಲಿಂದ ಸಂಜೆ ಆರರಿಂದ ಒಂಬತ್ತರವರೆಗೆ ಮನೆಯಲ್ಲಿ ಏನು ಮಾಡುವುದು ಅಂತಲೇ ತಿಳಿಯುತ್ತಿಲ್ಲ. ಸಂಗೀತ ಕ್ಲಾಸಿಗೆ ಸೇರಿದೆ. ಮೊದಲ ಪಾಠ ಸರಳೆ ವರಸೆ ಮುಗಿಸಿ, ಅದರ ಮುಂದಿನ ಜಂಟಿ ವರಸೆಗೆ ಬಂದಾಗ ಬಿಟ್ಟೆ. ಇಂಗ್ಲಿಷ್ ಕಲಿಸುವ ಆ್ಯಪ್ ಹಾಕಿಕೊಂಡೆ, 11 ದಿನ ನಡೆಯಿತು. ಕ್ರೋಶಾ ದಾರ ತಂದೆ, ಅದಿನ್ನೂ ಕವರಿನಲ್ಲೇ ಇದೆ. ಈ ನಡುವೆ ನನ್ನ ವಾರಗಿತ್ತಿ ಎಂ.ಎ. ಮುಗಿಸಿದಳು. ಗೌನು ಹಾಕಿಕೊಂಡ ಫೋಟೋ ಎಲ್ಲ ಗ್ರೂಪಿಗೂ ಬಂತು. ನಮ್ಮ ಯಜಮಾನರು "ನೀನೂ ಮಾಡು" ಅಂದರು. ಮಾಡಲೇ?

ಹುಮ್ಮಸ್ಸು ಎಲ್ಲಿಂದ ತರುತ್ತೀರಿ ನೀವೆಲ್ಲ? ಬೆಳಗ್ಗೆ ಐದಕ್ಕೆ ಏಳಿ ಅನ್ನುವ ವಿಡಿಯೊ ಬೇಕಾದಷ್ಟು ನೋಡಿದ್ದೇನೆ. ಉಪದೇಶ ಬೇಡ. ನೀವು ಏನು ಕಲಿತಿರಿ, ಎಲ್ಲಿ ಬಿಟ್ಟಿರಿ, ಮತ್ತೆ ಹೇಗೆ ಹಿಡಿದಿರಿ, ಅಷ್ಟು ಹೇಳಿ.

ಗಾಡಿ ಅಮ್ಮ, ಹುಬ್ಬಳ್ಳಿ

ಅಕ್ಕಾರೆ, ನನ್ನ ಕಡೆ ಹುಮ್ಮಸ್ಸು ಅಂತ ಏನೂ ಇರಲಿಲ್ಲ. ಸಿಟ್ಟಿತ್ತು. ಸಂತೆಗೆ ಹೋಗಬೇಕಾದರೂ ಮಗನಿಗೆ "ಏ ತಮ್ಮಾ, ಒಂದ್ ಸಲ ಬಿಟ್ಟು ಬಾರೋ" ಅಂತ ಕೈಮುಗಿಯಬೇಕಿತ್ತು. ಅವನು ಮೊಬೈಲಿನಿಂದ ತಲೆ ಎತ್ತುವಷ್ಟರಲ್ಲಿ ಸಂತೆ ಮುಗಿದಿರುತ್ತಿತ್ತು. 52ನೇ ವಯಸ್ಸಿನಲ್ಲಿ ಎಲ್‌ಎಲ್‌ಆರ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸ್, ಮಾಡಿಸಿದೆ. ಅದಾಗಿ 30 ದಿನ ಕಳೆದ ಮೇಲೆ ಲೈಸೆನ್ಸ್ ಪರೀಕ್ಷೆಗೆ ಹೋಗಬಹುದು. ಎಂಟರ ಆಕಾರದಲ್ಲಿ ಗಾಡಿ ತಿರುಗಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಮೊದಲ ಸಲ ಎರಡನೇ ಸುತ್ತಿನಲ್ಲೇ ಕಾಲು ಊರಿದೆ. ಹಿಂದೆ ಸಾಲಿನಲ್ಲಿದ್ದ ಕಾಲೇಜು ಹುಡುಗರು ನಕ್ಕರು.

ಎರಡನೇ ಸಲಕ್ಕೆ ನಾನು ಮಾಡಿದ್ದು ಇಷ್ಟೇ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ದೊಡ್ಡ ಎಂಟು ಬರೆದೆ. ದಿನಾ ನೀರು ಬಿಡುವ ಹೊತ್ತಿಗೆ ಹತ್ತು ಸುತ್ತು. ಅಕ್ಕಪಕ್ಕದವರು ಏನೋ ಪೂಜೆ ಅಂದುಕೊಂಡಿದ್ದರು! ಪಾಸಾದೆ. ಈಗ ಸಂತೆಗೆ ನಾನೇ ಹೋಗುತ್ತೇನೆ. ಮಗನಿಗೆ ಡ್ರಾಪ್ ಬೇಕಾದರೆ ಅವನೇ ಕೇಳುತ್ತಾನೆ.

ಮಾತ್ರೆ ಡಬ್ಬಿ, ಮಂಡ್ಯ

ನಾನು ಆಸ್ಪತ್ರೆಯಲ್ಲಿ ನರ್ಸ್. ಎಲ್ಲರೂ ಕಲಿಕೆ ಬಗ್ಗೆ ಹೇಳುತ್ತಾರೆ, ನಾನು ಬೇರೆ ಹೇಳುತ್ತೇನೆ. ಆರು ತಿಂಗಳು ಯಾವುದಕ್ಕೂ ಮನಸ್ಸಿಲ್ಲ ಅಂತ ನನ್ನನ್ನು ನಾನೇ ಸೋಮಾರಿ ಅಂತ ಬೈದುಕೊಂಡೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8. ಹೆಂಗಸರಿಗೆ 12 ಆದರೂ ಇರಬೇಕು. ದಿನಾ ಬೇರೆಯವರ ರಿಪೋರ್ಟ್ ನೋಡುವವಳು ನನ್ನದನ್ನೇ ನೋಡಿರಲಿಲ್ಲ. ನಿಮ್ಮ ವಯಸ್ಸಿಗೆ ರಕ್ತ, ಥೈರಾಯ್ಡ್ ಎರಡೂ ಒಮ್ಮೆ ನೋಡಿಸಿಕೊಳ್ಳಿ. ಹುಮ್ಮಸ್ಸಿನ ಪ್ರಶ್ನೆ ಆಮೇಲೆ.

ಟಿಕೆಟ್ ಟಿಕೆಟ್, ಸೊರಬ

ನಾನು ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾಗಿ ಐದು ವರ್ಷ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಮ್ಮೂರ ಕೆರೆ ಏರಿಯ ಪಕ್ಕ ಒಂದು ವೀರಗಲ್ಲು ಇದೆ. ಚಿಕ್ಕವರಿದ್ದಾಗ ಅದಕ್ಕೆ ಒರಗಿಕೊಂಡು ಮಾವಿನಕಾಯಿ ತಿನ್ನುತ್ತಿದ್ದೆವು. ಕೆಳಗಿನ ಸಾಲಿನಲ್ಲಿ ಜಗಳ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಈ ಸಾಲುಗಳ ಮಧ್ಯದ ಪಟ್ಟಿಯಲ್ಲಿ ಅಕ್ಷರ. ನಿವೃತ್ತಿಯಾದ ಮೂರನೇ ತಿಂಗಳು ಅಲ್ಲಿ ಕೂತಿದ್ದಾಗ ಒಂದು ಹುಡುಗ ಬಂದು "ತಾತ, ಇದರಲ್ಲಿ ಏನು ಬರೆದಿದೆ?" ಅಂದ. 35 ವರ್ಷ ಊರೂರಿನ ಬೋರ್ಡು ಓದಿದವನು, ನನ್ನೂರ ಕಲ್ಲು ಓದಲಾರೆ. ಅವನಿಗೆ ಏನೋ ಹೇಳಿ ಕಳಿಸಿದೆ. ಮನಸ್ಸಿಗೆ ಮಾತ್ರ ಚುಚ್ಚಿತು.

ಮೊದಲು ಎಲ್ಲರೂ ಹೇಳಿದ ಹಾಗೆ ಕೋರ್ಸ್ ಸೇರಲು ಹೊರಟೆ. ಅರ್ಜಿ ತಂದೆ, ಪುಸ್ತಕ ತಂದೆ. ಪರೀಕ್ಷೆ ಅಂತ ಕೇಳಿದ ಕೂಡಲೇ ಹೊಟ್ಟೆ ತೊಳಸಲು ಶುರುವಾಯಿತು. ಎಸ್ಸೆಸ್ಸೆಲ್ಸಿ ಮೂರು ಸಲ ಕಟ್ಟಿದವನು ನಾನು. ಎರಡು ತಿಂಗಳು ಪುಸ್ತಕ ಮುಟ್ಟಲಿಲ್ಲ. ಆಮೇಲೆ ಹೊಳೆಯಿತು. ನನಗೆ ಬೇಕಿದ್ದದ್ದು ಡಿಪ್ಲೊಮಾ ಅಲ್ಲ, ಆ ಕಲ್ಲು.

ಆಗ ಕಂಡಕ್ಟರ್ ಬುದ್ಧಿಗೆ ಸರಿಹೊಂದುವ ದಾರಿ ಹಿಡಿದೆ. ಟ್ರಿಪ್ ಶೀಟಿನ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಮನೆ ಎಳೆದೆ. ಎಡಗಡೆ ಈಗಿನ ಅಕ್ಷರ, ಬಲಗಡೆ ಕಲ್ಲಿನಲ್ಲಿ ಕಂಡದ್ದು. ದಿನಕ್ಕೆ ಒಂದು ಅಕ್ಷರ. ಮ ಯಾವುದು, ವ ಯಾವುದು ಅಂತ ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಹಬ್ಬದ ದಿನದ ಬಸ್ಸಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಗಲು ಓದಲು ಹೋಗಬೇಡಿ, ಏನೂ ಕಾಣುವುದಿಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರದ ಗುಳಿಗೆ ನೆರಳು ಬೀಳುತ್ತದೆ. ಸವೆದದ್ದೂ ಎದ್ದು ನಿಲ್ಲುತ್ತದೆ.

ಇನ್ನೊಂದು ವಿಷಯ. ಈಗಿನ ಕನ್ನಡದಲ್ಲಿ ಇಲ್ಲದ ಎರಡು ಅಕ್ಷರ ಆಗ ಇದ್ದವು, ಱ ಮತ್ತು ೞ. ನಾವು ಮಳೆ ಅನ್ನುವುದನ್ನು ಅವರು ಮೞೆ ಎಂದು ಬರೆಯುತ್ತಿದ್ದರು, ಏಳು ಅನ್ನುವುದನ್ನು ಏೞು ಎಂದು. ತಮಿಳಿನಲ್ಲಿ ಆ ೞ ಇವತ್ತಿಗೂ ಇದೆ. ತಮಿಳುನಾಡಿನ ಲಾರಿ ಡ್ರೈವರ್ ಒಬ್ಬನಿಂದ ಅದನ್ನು ಹೇಳಿಸಿಕೊಂಡು ಕೇಳಿದೆ. ನಾಲಿಗೆ ಹಿಂದಕ್ಕೆ ಮಡಚಬೇಕು. ನನಗೆ ಬರಲಿಲ್ಲ, ಅವನು ಬಿದ್ದು ಬಿದ್ದು ನಕ್ಕ.

ಏಳನೇ ತಿಂಗಳಲ್ಲಿ ಒಂದು ರಾತ್ರಿ ಒಂದು ಪದ ಪೂರ್ತಿ ಸಿಕ್ಕಿತು: ತುಱು. ಅಂದರೆ ದನ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು ಅದು. ನಾವು ಅದಕ್ಕೆ ಒರಗಿ ಮಾವಿನಕಾಯಿ ತಿಂದಿದ್ದೆವು. ಟಾರ್ಚ್ ಆರಿಸಿ ಸುಮ್ನೆ ಕೂತೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಬಿ. ಎಲ್. ರೈಸ್ ಅವರು ನಮ್ಮ ಕಡೆಯ ಶಾಸನಗಳನ್ನು 1904ರಲ್ಲೇ ಅಚ್ಚು ಹಾಕಿಸಿದ್ದಾರೆ, ಎಪಿಗ್ರಾಫಿಯ ಕರ್ನಾಟಿಕ ಅನ್ನುವ ಶಾಸನಗಳ ಪುಸ್ತಕಮಾಲೆಯ ಎಂಟನೇ ಸಂಪುಟ. ತಾಲ್ಲೂಕಿನ ಪ್ರಕಾರ ನಂಬರು ಹಾಕಿದ್ದಾರೆ. ಪಾಠ ಕನ್ನಡ ಅಕ್ಷರದಲ್ಲೇ ಇದೆ. ಅದನ್ನು ನಾನು ಉತ್ತರ ಪತ್ರಿಕೆ ಥರ ಇಟ್ಟುಕೊಂಡಿದ್ದೇನೆ. ಮೊದಲು ಕಲ್ಲು, ಆಮೇಲೆ ಪುಸ್ತಕ. ಶಕ ವರ್ಷ ಸಿಕ್ಕರೆ 78 ಕೂಡಿಸಿ ಇಸವಿ ಹಾಕಿಕೊಳ್ಳುತ್ತೇನೆ. ಅದೊಂದು ಲೆಕ್ಕ ಮಾತ್ರ ಬಾಯಲ್ಲೇ ಆಗುತ್ತದೆ, ಚಿಲ್ಲರೆ ಕೊಟ್ಟ ಅಭ್ಯಾಸ.

ತಿಂಗಳಿಗೆ ಒಂದು ಕಲ್ಲು. ಅಷ್ಟೇ ನನ್ನ ವೇಗ.

ಐದು ಗಂಟೆ ಕ್ಲಬ್, ಬೆಂಗಳೂರು

ಬೆಳಗ್ಗೆ ಐದಕ್ಕೆ ಎದ್ದು ತಣ್ಣೀರು ಸ್ನಾನ ಮಾಡಿ ಗುರಿ ಬರೆದಿಡಿ. 21 ದಿನ ಮಾಡಿ ನೋಡಿ, ಜೀವನವೇ ಬದಲಾಗುತ್ತದೆ.

ಗಾಡಿ ಅಮ್ಮ, ಹುಬ್ಬಳ್ಳಿ

ಅವರು ಬೇಡ ಅಂದಿದ್ದು ಇದನ್ನೇ ಅಲ್ವಾ ತಮ್ಮಾ?

ತೆಂಗಿನ ಟೆಸ್ಟರ್, ತಿಪಟೂರು ಮತ್ತು ಬೆಂಗಳೂರು

ಕಂಡಕ್ಟರ್ ಸರ್ ಬರೆದದ್ದು ಓದಿ ಎದ್ದು ನಿಂತು ಕೈಮುಗಿದೆ. ಆದರೂ ಒಂದು ತಕರಾರಿದೆ. ಪರೀಕ್ಷೆ ಎಲ್ಲರಿಗೂ ಹೊಟ್ಟೆ ತೊಳಸುವುದಿಲ್ಲ. ನನಗೆ ಪರೀಕ್ಷೆ ಇಲ್ಲದಿದ್ದರೆ ಪುಟ ತಿರುಗುವುದೇ ಇಲ್ಲ.

ನಾನು ಸಾಫ್ಟ್‌ವೇರ್ ಟೆಸ್ಟರ್, 38 ವರ್ಷ. ಅಪ್ಪ ಹೋದ ಮೇಲೆ ಎರಡು ಎಕರೆ ತೆಂಗು ನನ್ನ ಪಾಲಿಗೆ ಬಂತು. ಗೊಬ್ಬರದ ಅಂಗಡಿಯವನು ಹೇಳಿದ್ದನ್ನೆಲ್ಲ ತಂದು ಸುರಿಯುತ್ತಿದ್ದೆ. ಮಣ್ಣಿನ ಬಗ್ಗೆ ತಿಳಿಯೋಣ ಅಂತ ಯೂಟ್ಯೂಬ್ ಹಿಡಿದರೆ ರಾತ್ರಿ ಒಂದು ಗಂಟೆಗೆ ಎಲ್ಲೋ ಆನೆ ಸ್ನಾನದ ವಿಡಿಯೊ ನೋಡುತ್ತಾ ಇರುತ್ತಿದ್ದೆ. ಆಮೇಲೆ ಎನ್‌ಪಿಟಿಇಎಲ್‌ನಲ್ಲಿ ಮಣ್ಣು ವಿಜ್ಞಾನದ 12 ವಾರದ ಕೋರ್ಸಿಗೆ ಹೆಸರು ಕೊಟ್ಟೆ. ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ ಅದು. ಪಾಠ ಕೇಳಲು ದುಡ್ಡಿಲ್ಲ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಫೀಸು. ಕಟ್ಟಿದ ಫೀಸು ಹಾಳಾಗುತ್ತಲ್ಲ ಅನ್ನುವ ಸಂಕಟ ನನ್ನನ್ನು ಓದಿಸಿತು. ಜಿಪುಣತನ ಅನ್ನಿ, ಪರವಾಗಿಲ್ಲ.

ಅಲ್ಲಿ ನನಗೆ ತುಂಬಾ ಹಿಡಿಸಿದ ನಿಯಮ ಒಂದಿದೆ. ವಾರಕ್ಕೊಂದು ಅಸೈನ್‌ಮೆಂಟ್. ಆದರೆ 12ರಲ್ಲಿ ಚೆನ್ನಾಗಿ ಮಾಡಿದ 8 ಮಾತ್ರ ಲೆಕ್ಕಕ್ಕೆ. ಅದಕ್ಕೆ 25 ಅಂಕ, ಪರೀಕ್ಷೆಗೆ 75. ಅಂದರೆ ನಾಲ್ಕು ವಾರ ನೀವು ಕೆಡಿಸಿಕೊಳ್ಳಬಹುದು, ಅದು ಮೊದಲೇ ಗೊತ್ತಿರುವ ವಿಷಯ. ನನಗೆ ಒಂದು ವಾರ ಜ್ವರ, ಒಂದು ವಾರ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸು, ಒಂದು ವಾರ ಸುಮ್ನೆ ಸೋಮಾರಿತನ. ಆದರೂ ಕೋರ್ಸು ನಿಲ್ಲಲಿಲ್ಲ. ಅಕ್ಕಾ, ನಿಮ್ಮ ಆ್ಯಪು 11 ದಿನಕ್ಕೆ ನಿಂತಿತು ಅಂದಿರಿ. ಹನ್ನೆರಡನೇ ದಿನ ತಪ್ಪಿದ್ದಕ್ಕೆ ಬಿಟ್ಟಿರಾ, ಇಲ್ಲ ಬೇಜಾರಾಗಿ ಬಿಟ್ಟಿರಾ? ಎರಡೂ ಬೇರೆ.

ಪಾಸಾಯಿತು, ಅಂಕ ಹೇಳುವಂಥದ್ದಲ್ಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ (ಪಿಎಚ್, ಮಣ್ಣು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನುವ ಅಳತೆ) ಅಂತ ಬರೆದಿರುವುದು ಏನು, ಅದು ಏಳಕ್ಕಿಂತ ಮೇಲಿದ್ದರೆ ಸುಣ್ಣ ಯಾಕೆ ಹಾಕಬಾರದು ಅಂತ ಈಗ ಗೊತ್ತು. ಅಂಗಡಿಯವನ ಜತೆ ವಾದ ಮಾಡುತ್ತೇನೆ. ಅವನಿಗೆ ನನ್ನ ಕಂಡರೆ ಆಗುವುದಿಲ್ಲ.

ಹಳೇ ವಿದ್ಯಾರ್ಥಿನಿ, ಮೈಸೂರು

ಎಂ.ಎ. ವಿಷಯಕ್ಕೆ ಮಾತ್ರ ಬರುತ್ತೇನೆ. ನಾನು 50ರಲ್ಲಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದೆ. ನಿಜ ಹೇಳಬೇಕೆಂದರೆ, ಮದುವೆ ಮನೆಗಳಲ್ಲಿ "ನೀವು ಎಷ್ಟು ಓದಿದ್ದೀರಿ?" ಅನ್ನುವ ಪ್ರಶ್ನೆಗೆ ಹೆದರಿ ಮಾಡಿದೆ. ಎರಡು ವರ್ಷ ಗೈಡು ಓದಿ ಬರೆದೆ. ಈಗ ಆ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ! "ಮಕ್ಕಳು ಎಲ್ಲಿದ್ದಾರೆ?" ಅಂತ ಕೇಳುತ್ತಾರೆ. ಸಿಲಬಸ್ ನೋಡಿ. ಅದರಲ್ಲಿ ಒಂದು ಪತ್ರಿಕೆಯಾದರೂ ಪರೀಕ್ಷೆ ಇಲ್ಲದೆಯೂ ಓದಬೇಕು ಅನ್ನಿಸಿದರೆ ಸೇರಿ. ವಾರಗಿತ್ತಿಗಾಗಿ ಬೇಡ.

ಗಂಜಿ ಮೇಷ್ಟ್ರು, ಅಂಕೋಲಾ

ನಮ್ಮ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯದೆ ಇರಲಾಗುವುದಿಲ್ಲ. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಕೆಲಸ ಮಾಡುತ್ತಾ ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಅಂತ ಕೈಯಲ್ಲೇ ಕಲಿತರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿ ಭವನಕ್ಕೆ ಹೋದದ್ದು ಬರಿಗಾಲಲ್ಲಿ, ಹಾಲಕ್ಕಿ ಒಕ್ಕಲಿಗರ ಉಡುಗೆಯಲ್ಲಿ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಎಲ್ಲರೂ ಆ ಬರಿಗಾಲಿನ ಫೋಟೋ ಹಂಚುತ್ತಾರೆ. ನನ್ನ ಸಿಟ್ಟು ಅದೇ. ಆ ಫೋಟೋದ ಹಿಂದೆ ಹಲವು ದಶಕದ ನರ್ಸರಿ ಮಣ್ಣು ಇದೆ. ಅಷ್ಟು ದಿನ ಯಾರೂ ಫೋಟೋ ತೆಗೆದಿರಲಿಲ್ಲ.

ಶ್ರುತಿಪೆಟ್ಟಿಗೆ, ಮೈಸೂರು

ತಡವಾಗಿ ನೋಡಿದೆ. ನಾನು ಸಂಗೀತ ಪಾಠ ಹೇಳುವವಳು. ಜಂಟಿ ವರಸೆಯಲ್ಲಿ ಬಿಟ್ಟೆ ಅಂದಿರಲ್ಲ, ನನ್ನಲ್ಲಿ ಬರುವ ದೊಡ್ಡವರಲ್ಲಿ ಜಾಸ್ತಿ ಜನ ಬಿಡುವುದು ಅಲ್ಲೇ.

ಸರಳೆಯಲ್ಲಿ ಸ್ವರ ನೇರವಾಗಿ ಹೋಗುತ್ತದೆ. ಜಂಟಿಯಲ್ಲಿ ಸಸ ರಿರಿ ಗಗ ಮಮ ಅಂತ ಪ್ರತಿ ಸ್ವರವೂ ಜೋಡಿ. ಎರಡನೆಯದಕ್ಕೆ ಒತ್ತು ಬೀಳಬೇಕು. ಅದೂ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಎಂಟು ವರ್ಷದ ಮಗು ಅದನ್ನು ಜೋಕಾಲಿ ಥರ ಹಾಡಿಬಿಡುತ್ತದೆ. ಪಕ್ಕದಲ್ಲಿ ಕೂತ 47ರವರಿಗೆ ಗಂಟಲು ಕಟ್ಟುತ್ತದೆ, ನಾಚಿಕೆ ಬೇರೆ.

ಒಂದು ಪ್ರಶ್ನೆ. ಕ್ಲಾಸಿನಲ್ಲಿ ಶ್ರುತಿ, ಅಂದರೆ ಹಾಡಲು ಆಧಾರವಾದ ಸ್ವರದ ಎತ್ತರ, ಎಷ್ಟಕ್ಕೆ ಇಟ್ಟಿದ್ದರು? ಮಕ್ಕಳ ಜತೆ ಕೂರಿಸಿದರೆ ಸಾಮಾನ್ಯವಾಗಿ ಐದೂವರೆ ಮನೆಗೆ ಇಡುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ದನಿ ಮೇಲೆ. ನಲವತ್ತು ದಾಟಿದ ಎಷ್ಟೋ ಹೆಂಗಸರ ಕಂಠ ನಾಲ್ಕಕ್ಕೋ ನಾಲ್ಕೂವರೆಗೋ ಇಳಿದಿರುತ್ತದೆ. ತಾರಸ್ಥಾಯಿಯ ಷಡ್ಜ, ಅಂದರೆ ಮೇಲಿನ ಸ, ಮುಟ್ಟುವಾಗ ಕಿರುಚುವ ಹಾಗಾಗುತ್ತದೆ. ಆಗ "ನನಗೆ ಸಂಗೀತ ಬರಲ್ಲ" ಅಂದುಕೊಂಡು ಎದ್ದು ಹೋಗುತ್ತಾರೆ. ಬರದೇ ಏನಲ್ಲ, ಬೇರೆಯವರ ಶ್ರುತಿಯಲ್ಲಿ ಹಾಡುತ್ತಿದ್ದಿರಿ ಅಷ್ಟೆ.

ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಳ್ಳಿ. ನಾಲ್ಕಕ್ಕೆ ಇಟ್ಟು ಮಾಯಾಮಾಳವಗೌಳ ರಾಗದಲ್ಲಿ ಸರಳೆಯ ಮೊದಲನೆಯದನ್ನು ಹಾಡಿ ನೋಡಿ. ಮೇಲೂ ಕೆಳಗೂ ನೋವಾಗದೆ ಹೋದರೆ ಅದೇ ನಿಮ್ಮದು. ಜಂಟಿಯನ್ನು ಒಂದನೇ ಕಾಲದಲ್ಲಿ ಮಾತ್ರ, ಮೂರು ತಿಂಗಳು. ಮೂರನೇ ಕಾಲಕ್ಕೆ ಯಾವ ಅವಸರವೂ ಇಲ್ಲ. ಮುಂದೆ ಕಲಿಯುವ ಮಲಹರಿ ರಾಗದ ಪಿಳ್ಳಾರಿ ಗೀತೆಗಳು ಎಲ್ಲೂ ಓಡಿಹೋಗುವುದಿಲ್ಲ.

ಲೆಕ್ಕದಕ್ಕ, ದಾವಣಗೆರೆ

ಮೂರು ವಾರ ಆಯಿತು, ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮಿಸಿ. ಮೊದಲು ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9.4. ಮಾತ್ರೆ ಕೊಟ್ಟಿದ್ದಾರೆ. ನರ್ಸಮ್ಮ, ನಿಮಗೆ ದೊಡ್ಡ ನಮಸ್ಕಾರ.

ಶ್ರುತಿ ಮೇಡಂ, ನೀವು ಹೇಳಿದ್ದೇ ಸರಿ. ನಮ್ಮ ಟೀಚರ್ ಐದೂವರೆಗೆ ಇಡುತ್ತಿದ್ದರು. ನಾಲ್ಕಕ್ಕೆ ಹಾಡಿ ನೋಡಿದೆ. ನನ್ನ ದನಿ ಹೀಗಿದೆ ಅಂತ ನನಗೇ ಗೊತ್ತಿರಲಿಲ್ಲ. ದಪ್ಪ ದನಿ, ನಮ್ಮಮ್ಮ ಬೀಸುವಾಗ ಹಾಡುತ್ತಿದ್ದ ಹಾಗೆ. ಯಜಮಾನರು ಟಿವಿ ಸೌಂಡ್ ಕಡಿಮೆ ಮಾಡಿದರು. ಚೆನ್ನಾಗಿದೆ ಅಂತಲೋ ತಡೆಯಲಾರದೆಯೋ ಕೇಳಲಿಲ್ಲ. ದಿನಾ 20 ನಿಮಿಷ. ವಾರಕ್ಕೆ ಎರಡು ದಿನ ಕೆಡಿಸಿಕೊಳ್ಳಬಹುದು ಅಂತ ತೆಂಗಿನ ತಮ್ಮನ ನಿಯಮ ಹಾಕಿಕೊಂಡಿದ್ದೇನೆ. ಕಳೆದ ವಾರ ಮೂರು ದಿನ ಹೋಯಿತು. ನಾಲ್ಕನೇ ದಿನ ಕೂತೆ.

ಎಂ.ಎ. ಸಿಲಬಸ್ ತೆರೆದು ನೋಡಿದೆ, ಮುಚ್ಚಿಟ್ಟೆ. ಕ್ರೋಶಾ ದಾರ ವಾರಗಿತ್ತಿಗೆ ಕೊಟ್ಟೆ. ಅವಳಿಗೆ ಖುಷಿಯಾಯಿತು.

ಕಂಡಕ್ಟರ್ ಸರ್, ಮಗಳಿಗೆ ನೀವು ಬರೆದದ್ದು ಓದಿ ಹೇಳಿದೆ. ದಸರಾ ರಜೆಗೆ ಬರುತ್ತಾಳೆ. ಆ ಕಲ್ಲು ನೋಡಬೇಕಂತೆ. ಬರಬಹುದಾ?

ಟಿಕೆಟ್ ಟಿಕೆಟ್, ಸೊರಬ

ಧಾರಾಳವಾಗಿ ಬನ್ನಿ. ಆದರೆ ದಸರಾಕ್ಕೆ ಬೇಡ, ದೀಪಾವಳಿ ಕಳೆಯಲಿ. ಈಗ ಕಲ್ಲಿನ ತುಂಬಾ ಪಾಚಿ. ಅಮಾವಾಸ್ಯೆಗೆ ಊರವರು ಎಣ್ಣೆ ಬೇರೆ ಹಚ್ಚುತ್ತಾರೆ, ಬೇಡ ಅಂದರೆ ಕೇಳುವುದಿಲ್ಲ. ಸಂಜೆ ಬಸ್ಸಿಗೆ ಬನ್ನಿ, ಊಟ ನಮ್ಮಲ್ಲೇ. ಟಾರ್ಚ್ ಎರಡು ತನ್ನಿ, ನನ್ನದರ ಸೆಲ್ಲು ಹೋಗಿದೆ.